ಮೆಣಸಿನ ಕಣದಲ್ಲಿ ಸೋತ ಆಟ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಶಾಸಕನಾಗಿದ್ದಾಗ ಪುರುಸೊತ್ತಿಲ್ಲ ಎಂದುಕೊಂಡೆ. ಸೋತು ಮನೆಗೆ ಬಂದ ಮೇಲೆ, ಸೋತವನ ಮಾತು ಯಾರಿಗೆ ಬೇಕು ಎಂದುಕೊಂಡೆ. ಆಮೇಲೆ ಕಣ್ಣಿನ ಆಪರೇಷನ್ ಆಯಿತು, ಮಂಡಿ ನೋವು ಶುರುವಾಯಿತು, ಮೊಮ್ಮಗಳ ಮದುವೆ ಬಂತು. ನೆಪಗಳಿಗೆ ಬರವಿರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಭಾಷಣ ಮಾಡಿ ಅಭ್ಯಾಸವಿದೆ, ಬರೆದು ಅಭ್ಯಾಸವಿಲ್ಲ. ಆದರೆ ಭಾಷಣದಲ್ಲಿ ಒಂದು ತೊಂದರೆ ಇದೆ. ಚಪ್ಪಾಳೆ ಬಿದ್ದ ಸುಳ್ಳು ಮಾರನೆಯ ದಿನಕ್ಕೆ ನಿಜವಾಗಿಬಿಡುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತದೆ. ಚುನಾವಣೆಗೆ ನಿಂತ ವಾಲಿಬಾಲ್ ಆಟಗಾರ ಎದುರಾಳಿಯ ಊರಿಗೇ ಹೋಗಿ, ಆ ಊರಿನ ಹುಡುಗರ ಎದುರು ಬೇಕೆಂದೇ ಸೋತು, ಅವರ ಓಟು ಗೆದ್ದ ಎಂಬ ಕಥೆ. ಅದನ್ನು ಹಬ್ಬಿಸಿದವನು ನಾನೇ. ಅದರಲ್ಲಿ ಸೋತದ್ದು ನಿಜ, ಓಟು ಬಂದದ್ದು ನಿಜ. ‘ಬೇಕೆಂದೇ’ ಎಂಬುದು ನನ್ನದಲ್ಲ. ಅದು ನನ್ನ ಭಾವನದು, ಅಕ್ಕನ ಗಂಡನದು. ಆ ಒಂದು ಆಟಕ್ಕಾಗಿ ಅವರನ್ನು ಊರೆಲ್ಲ ‘ಮಾರಿಕೊಂಡವನು’ ಎಂದು ಕರೆಯಿತು. ಹಾಗೆ ಮೊದಲು ಕರೆದವನೂ ನಾನೇ.

ನಮ್ಮ ಕಡೆ ಸಮತಟ್ಟಾದ ನೆಲ ಎಂದರೆ ಕಾಫಿ ಒಣಗಿಸುವ ಕಣ ಮಾತ್ರ. ಉಳಿದದ್ದೆಲ್ಲ ಇಳಿಜಾರು. ಚೆಂಡು ಕೈ ತಪ್ಪಿದರೆ ಹಳ್ಳದಲ್ಲಿ ಹುಡುಕಬೇಕು. ಕಾಫಿ, ಮೆಣಸು ಎರಡೂ ಒಣಗಿ ಸ್ಟೋರ್ ಸೇರಿ, ಕಣ ಖಾಲಿಯಾದ ಮೇಲೆ ಎರಡು ಬಿದಿರು ಗಳ ನೆಟ್ಟು ಬಲೆ ಕಟ್ಟುತ್ತಿದ್ದೆವು. ಮಳೆಗಾಲ ಹಿಡಿಯುವವರೆಗೆ ಅದೇ ನಮ್ಮ ಮೈದಾನ. ನನ್ನ ಎತ್ತರಕ್ಕೂ ಬಲಗೈಗೂ ಆ ಆಟ ಒಗ್ಗಿತು. ನಾನು ಹೊಡೆದ ಚೆಂಡು ಗಾರೆ ನೆಲಕ್ಕೆ ಬಿದ್ದರೆ ತೋಟದ ಆಳುಗಳ ಲೈನ್ ಮನೆಗಳವರೆಗೆ ಸದ್ದು ಕೇಳುತ್ತಿತ್ತು.

ಭಾವ ನಮ್ಮ ಮನೆಗೆ ಬಂದದ್ದೂ ವಾಲಿಬಾಲ್‌ನಿಂದಲೇ. ಅವರ ಊರು ಮಗ್ಗೆ, ಅಲ್ಲಿಯ ತಂಡದಲ್ಲಿ ಅವರು ಲಿಫ್ಟರ್. ಅಂದರೆ ತಾನು ಹೊಡೆಯದೆ, ಹೊಡೆಯುವವನಿಗೆ ಬಲೆಯ ಮೇಲೆ ಚೆಂಡು ಎತ್ತಿ ಕೊಡುವವರು. ಒಂದು ಬೇಸಿಗೆ ನಮ್ಮೂರ ಪಂದ್ಯದಲ್ಲಿ ನಮ್ಮನ್ನು ಸೋಲಿಸಿ ಮೊದಲ ಬಹುಮಾನದ ಟಗರನ್ನು ಹೊಡೆದುಕೊಂಡು ಹೊರಟರು. ನಮ್ಮ ಅಂಗಳ ದಾಟುವಾಗ ಟಗರು ಹಗ್ಗ ಕಿತ್ತುಕೊಂಡು ಅಡಿಗೆಮನೆಗೆ ನುಗ್ಗಿತು. ಅಕ್ಕ ಅದರ ಕೊಂಬು ಹಿಡಿದು ಹೊರಗೆ ಎಳೆದು ತಂದು ಇವರ ಕೈಗೆ ಕೊಟ್ಟಳು.

“ಗೆಲ್ಲೋದು ಗೊತ್ತು, ಗೆದ್ದದ್ದನ್ನ ಇಟ್ಕೊಳ್ಳೋದು ಗೊತ್ತಿಲ್ಲ ನಿಮ್ಗೆ” ಎಂದಳು.

ಅವರು ತಲೆ ತಗ್ಗಿಸಿ, “ಹಂಗಾದ್ರೆ ಇಟ್ಕೊಳ್ಳೋರು ಒಬ್ರು ಬೇಕು” ಎಂದರು. ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡರು. ಮುಂದಿನ ಬೇಸಿಗೆಗೆ ಮದುವೆಯಾಯಿತು.

ಅಲ್ಲಿಂದ ನಾವಿಬ್ಬರೂ ಒಂದೇ ತಂಡ. ಅವರು ಎತ್ತಿದ ಚೆಂಡು ಬಲೆಯ ಮೇಲೆ ಒಂದು ಮೊಳ ಏರಿ, ಅಲ್ಲೇ ಅರೆಗಳಿಗೆ ನಿಂತಂತೆ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿ ಹಾರಿದರೂ ಕೈಗೆ ಸಿಗುತ್ತಿತ್ತು. ತಾಲೂಕು ಗೆದ್ದೆವು, ಜಿಲ್ಲೆ ಗೆದ್ದೆವು. ರಾಜ್ಯ ತಂಡಕ್ಕೆ ನನ್ನೊಬ್ಬನನ್ನೇ ಕರೆದರು. ಭಾವ ಕುಳ್ಳಗಿದ್ದರು. ಕುಳ್ಳ ಲಿಫ್ಟರ್ ಬೇಡ ಎಂದರಂತೆ. ಭಾವನೇ ನನ್ನನ್ನು ರೈಲು ಹತ್ತಿಸಿ, ಕಿಟಕಿಯಲ್ಲಿ ಕೈ ಹಾಕಿ ಹೇಳಿದ್ದು ಇಷ್ಟು: “ಅಲ್ಲಿ ಎತ್ತೋರು ನನ್ನಂಗೆ ಎತ್ತಲ್ಲ ಕಣೋ. ಸ್ವಲ್ಪ ಮುಂಚೇನೇ ಹಾರು.”

ಹಾಗೇ ಹಾರಿದೆ. ದೊಡ್ಡ ಊರುಗಳ ಸ್ಟೇಡಿಯಂಗಳಲ್ಲಿ, ಮರದ ನೆಲದ ಮೇಲೆ, ದೀಪದ ಕೆಳಗೆ ಆಡಿದೆ. ರಾಜ್ಯ ತಂಡ ಫೈನಲ್ ಗೆದ್ದ ಕೊನೆಯ ಚೆಂಡನ್ನು ಹೊಡೆದವನು ನಾನು. ತಿರುಗಿ ಬಂದ ದಿನ ಸಕಲೇಶಪುರದ ಬಸ್ ನಿಲ್ದಾಣದಿಂದ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಎಸ್ಟೇಟ್‌ಗಳ ಲೆಕ್ಕ ಬರೆಯುವ ರೈಟರ್‌ಗಳು, ಅಂಗಡಿಯವರು, ಕೆಲಸ ಬಿಟ್ಟು ಬಂದ ಹೆಂಗಸರು ರಸ್ತೆಯ ಎರಡೂ ಬದಿ ನಿಂತಿದ್ದರು. ಆ ಸಂತೋಷವನ್ನು ನಾನು ಈಗಲೂ ಕಡಿಮೆ ಮಾಡಿ ಹೇಳಲಾರೆ. ಬೆಟ್ಟದ ಮೇಲಿನ ಒಂದು ಕಣದಲ್ಲಿ ಹರಿದ ಬಲೆ ಕಟ್ಟಿ ಆಡಿದವನಿಗೆ ಅದಕ್ಕಿಂತ ದೊಡ್ಡದು ಏನಿರುತ್ತದೆ.

ಕೆಲವು ವರ್ಷಗಳ ನಂತರ, ನಾನು ಆಟ ಬಿಟ್ಟು ತೋಟ ನೋಡಿಕೊಂಡಿದ್ದಾಗ, ಪಕ್ಷದವರು ಮನೆಗೆ ಬಂದರು. ನಮ್ಮ ಕ್ಷೇತ್ರದಲ್ಲಿ ಅವರಿಗೆ ಗೆಲ್ಲುವ ಆಸೆ ಇರಲಿಲ್ಲ. ಎದುರಾಳಿ ದೊಡ್ಡ ಎಸ್ಟೇಟಿನ ಸಾಹುಕಾರರು, ಮೂರು ತಲೆಮಾರಿನಿಂದ ಊರಿಗೆ ನ್ಯಾಯ ಹೇಳಿದ ಮನೆ. “ನಿಮ್ಮ ಮುಖ ಎಲ್ರಿಗೂ ಗೊತ್ತೈತೆ, ನಿಂತ್ಕಳಿ” ಎಂದರು. ನನಗೆ ಭಾಷಣ ಬರುತ್ತಿರಲಿಲ್ಲ. ಉಪಾಯ ಹೇಳಿದವರು ಭಾವ.

“ಮಾತಾಡೋಕೆ ಬರ್ದೇ ಇದ್ರೆ ಆಡು ಮಾರಾಯ. ಜೀಪಿಗೆ ಎರಡು ಗಳ, ಒಂದು ಬಲೆ ಹಾಕಣ. ಊರೂರಿಗೆ ಹೋಗಣ. ಅಲ್ಲಿ ಹುಡುಗ್ರ ಜೊತೆ ಒಂದು ಆಟ, ಆಮೇಲೆ ಕೈ ಮುಗ್ದು ಬರಣ.”

ಹೀಗೆ ನಮ್ಮ ಪ್ರಚಾರ ಶುರುವಾಯಿತು. ವನಗೂರಿನ ಕಡಿದಾದ ರಸ್ತೆಗಳಲ್ಲಿ ಜೀಪು ಗೋಳಾಡುತ್ತಾ ಏರುತ್ತಿತ್ತು. ಯಾವ ಊರಿಗೆ ಹೋದರೂ ನಮಗಿಂತ ಮೊದಲು ಸುದ್ದಿ ಹೋಗಿರುತ್ತಿತ್ತು. ಕಣದ ಸುತ್ತ ಮುದುಕರು, ಮಕ್ಕಳು, ಬಿಸಿಲಿಗೆ ಸೆರಗು ಹೊದ್ದ ಹೆಂಗಸರು. ಭಾವ ಎತ್ತುತ್ತಿದ್ದರು, ನಾನು ಹೊಡೆಯುತ್ತಿದ್ದೆ. ನಲವತ್ತರ ಹತ್ತಿರದ ಮೈ ಇಪ್ಪತ್ತರಂತೆ ಹಾರುತ್ತಿತ್ತು. ಒಂದೂರಲ್ಲೂ ಸೋಲಲಿಲ್ಲ. ಜನ ಕೇಕೆ ಹಾಕುತ್ತಿದ್ದರು, ನಾನು ಅದನ್ನು ಓಟು ಎಂದು ಎಣಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಜೀಪಿನಲ್ಲಿ ಭಾವ ಹೇಳಿದರು: “ಇವತ್ತು ಆ ಹುಡುಗ್ರ ಮುಖ ನೋಡ್ದಾ? ಅವರ ಅಮ್ಮಂದ್ರು ತಂಗೀರ ಮುಂದೆ ಹಂಗೆ ಸೋಲಿಸ್ಬಾರ್ದು ಕಣೋ. ಜನ ನಿನ್ನ ನೋಡಿ ಕೂಗ್ತಾರೆ. ಓಟು ಹಾಕೋವಾಗ ತಮ್ಮ ಮಗನ್ನ ನೆನಸ್ಕೊಂತಾರೆ.”

“ಸೋತ್ರೆ ಯಾರು ಭಾವ ಓಟು ಹಾಕ್ತಾರೆ? ಸೋತ ಆಟಗಾರನ್ನ ಯಾರು ಕೇಳ್ತಾರೆ?” ಎಂದು ನಾನು ನಕ್ಕೆ. ಜೀಪಿನಲ್ಲಿದ್ದ ಕಾರ್ಯಕರ್ತರೂ ನಕ್ಕರು. ಭಾವ ಮತ್ತೆ ಆ ಮಾತು ತೆಗೆಯಲಿಲ್ಲ.

ಪ್ರಚಾರದ ಕೊನೆಯ ವಾರ ಉಳಿದದ್ದು ಸಾಹುಕಾರರ ಊರು, ಬಿಸಿಲೆ ಘಾಟಿಯ ದಾರಿಯಲ್ಲಿ. ದೊಡ್ಡ ಊರು. ಅಲ್ಲಿಯ ಓಟೆಲ್ಲ ಒಂದೇ ಕಡೆ ಬೀಳುವುದು ರೂಢಿ. ಅಲ್ಲಿಗೆ ಹೋಗುವುದೇ ಬೇಡ ಎಂದು ಕಾರ್ಯಕರ್ತರು ಹೇಳಿದರು. ನಾನು ಹಟ ಹಿಡಿದೆ. ಅವರ ಅಂಗಳದಲ್ಲೇ ಅವರ ಹುಡುಗರನ್ನು ಸೋಲಿಸಿದರೆ ಇಡೀ ಕ್ಷೇತ್ರ ನನ್ನ ಕಡೆ ತಿರುಗುತ್ತದೆ ಎಂಬ ಲೆಕ್ಕ ನನ್ನದು. ಆದರೆ ಆ ಊರಿನಲ್ಲಿ ಆಡುವಂಥ ನೆಲವಿದ್ದದ್ದು ಸಾಹುಕಾರರ ಕಣ ಒಂದೇ. ಅದರ ಮೇಲೆ ಮೆಣಸು ಒಣಗುತ್ತಿತ್ತು.

“ಅದು ನನಗೆ ಬಿಡು” ಎಂದರು ಭಾವ.

ಆ ದಿನ ಅವರು ನಮಗಿಂತ ಮೊದಲೇ ಬಸ್ಸಿನಲ್ಲಿ ಹೋದರು. ನಾವು ಮಧ್ಯಾಹ್ನ ಜೀಪಿನಲ್ಲಿ ಆ ಊರಿಗೆ ತಿರುಗುವಾಗ ರಸ್ತೆಯಿಂದಲೇ ಎಸ್ಟೇಟ್ ಬಂಗಲೆಯ ಜಗಲಿ ಕಂಡಿತು. ಅಲ್ಲಿ ಸಾಹುಕಾರರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅವರೆದುರು ಭಾವ, ಕೈಯಲ್ಲಿ ಕಾಫಿ ಲೋಟ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು.

ಜೀಪಿನಲ್ಲಿದ್ದ ಒಬ್ಬ ಕಾರ್ಯಕರ್ತ ಮೆಲ್ಲಗೆ, “ನಿಮ್ಮ ಭಾವ ಆರಾಮಾಗವ್ರೆ ಕಣಣ್ಣ” ಎಂದ. ಇನ್ನೊಬ್ಬ ಕೆಮ್ಮಿದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಬೇರೆಯವರ ಕಣ ಬೇಕಾದರೆ ಆಳನ್ನು ಕಳಿಸಿ ಕೇಳುವಂತಿಲ್ಲ, ಮನೆಯ ಗಂಡಸೇ ಹೋಗಿ ಕೇಳಬೇಕು. ಒಣಗುತ್ತಿರುವ ಬೆಳೆ ಬದಿಗೆ ಸರಿಸುವ ಮಾತು ಅದು, ಮಳೆ ಬಂದರೆ ಅವರ ವರ್ಷದ ಗಳಿಕೆ ಹಾಳು. ಕಣ ಕೊಡಲು ಒಪ್ಪಿದ ಯಜಮಾನ ಕಾಫಿ ಕೊಡುತ್ತಾನೆ. ಆ ಕಾಫಿ ಕುಡಿದರೆ ಮಾತು ಮುಗಿಯಿತು, ಕಣ ಸಿಕ್ಕಿತು. ಕುಡಿಯದೆ ಎದ್ದರೆ ಕಣ ಬೇಡವೆಂದ ಹಾಗೆ. ಇದು ನನಗೆ ನಡೆಯಲು ಕಲಿತಾಗಿನಿಂದ ಗೊತ್ತು. ನಮ್ಮಪ್ಪ ಎಷ್ಟು ಜನಕ್ಕೆ ಹಾಗೆ ಕಾಫಿ ಕೊಟ್ಟಿದ್ದಾರೋ. ಆ ಮಧ್ಯಾಹ್ನ ಅದು ನನ್ನ ತಲೆಗೇ ಬರಲಿಲ್ಲ. ನನಗೆ ಕಂಡದ್ದು ಎದುರಾಳಿಯ ಲೋಟ ಮಾತ್ರ.

ಕಣಕ್ಕೆ ಬಂದಾಗ ಮೆಣಸನ್ನು ಒಂದು ಮೂಲೆಗೆ ರಾಶಿ ಮಾಡಿ ಗೋಣಿತಾಟು ಮುಚ್ಚಿದ್ದರು. ಗುಡಿಸಿದ ನೆಲದಲ್ಲಿ ಅಲ್ಲಲ್ಲಿ ಕಾಳು ಉಳಿದು ಕಾಲಿನ ಕೆಳಗೆ ಉರುಳುತ್ತಿತ್ತು. ಗಾಳಿಯಲ್ಲಿ ಘಾಟು. ಊರಿಗೆ ಊರೇ ಸೇರಿತ್ತು. ಎದುರು ನಿಂತವರು ಲೈನ್ ಮನೆಗಳ ಹುಡುಗರು, ಸಣ್ಣ ಹಿಡುವಳಿದಾರರ ಮಕ್ಕಳು. ಕಾಲಿಗೆ ಬೂಟು ಇಲ್ಲ. ಪಂದ್ಯಾವಳಿಗೆ ಯಾರೂ ಅವರನ್ನು ಕರೆದದ್ದಿಲ್ಲ. ಸಾಹುಕಾರರು ಮೆಣಸಿನ ರಾಶಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

ಮೊದಲನೆಯ ಚೆಂಡಿಗೇ ನನಗೆ ವ್ಯತ್ಯಾಸ ತಿಳಿಯಿತು. ಭಾವ ಎತ್ತಿದ ಚೆಂಡು ಒಂದು ಮೊಳ ಏರಲಿಲ್ಲ, ಗೇಣು ಏರಿತು. ಅದೂ ಬಲೆಗೆ ಅಂಟಿಕೊಂಡಂತೆ. ನಾನು ಹೊಡೆದೆ, ಎದುರಿನ ಎರಡು ಜೊತೆ ಕೈಗಳಿಗೆ ತಗುಲಿ ನನ್ನ ಕಾಲ ಬಳಿಯೇ ಬಿತ್ತು. ಜನ ಕಿರುಚಿದರು.

“ಸರಿಯಾಗಿ ಎತ್ರಿ ಭಾವ” ಎಂದೆ.

“ಕಾಳು ಐತೆ ಕಣೋ, ಕಾಲು ಜಾರ್ತೈತೆ” ಎಂದರು. ಅವರ ಕಾಲು ಜಾರುತ್ತಿರಲಿಲ್ಲ.

ಮತ್ತೆ ಹಾಗೇ ಆಯಿತು. ಎಲ್ಲ ಚೆಂಡೂ ಹಾಗಲ್ಲ. ನಡುನಡುವೆ ಒಳ್ಳೆಯದನ್ನೂ ಎತ್ತುತ್ತಿದ್ದರು, ಆಟ ಕೊನೆಯವರೆಗೂ ಹಗ್ಗ ಜಗ್ಗಾಟದಂತೆ ನಡೆಯಿತು. ಆದರೆ ಬೇಕಾದ ಹೊತ್ತಿನಲ್ಲಿ ಚೆಂಡು ಗೇಣೇ ಏರುತ್ತಿತ್ತು. ಕೊನೆಯ ಚೆಂಡನ್ನು ಒಬ್ಬ ತೆಳ್ಳಗಿನ ಹುಡುಗ ತಡೆದು ಬೀಳಿಸಿದಾಗ ಅವನ ತಾಯಿ ಇರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಣದೊಳಗೆ ಓಡಿ ಬಂದು ಅವನನ್ನು ಎತ್ತಿಬಿಟ್ಟಳು. ಊರಿಗೆ ಊರೇ ಕುಣಿಯಿತು. ನಾನು ಬಲೆಯ ಹತ್ತಿರ ನಿಂತು ಹಲ್ಲು ಕಚ್ಚಿಕೊಂಡು ನಕ್ಕು, ಆ ಹುಡುಗರ ಕೈ ಕುಲುಕಿದೆ. ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. ಸಾಹುಕಾರರು ಮಾತ್ರ ಎದ್ದು ಹೋಗಿದ್ದರು. ಅದನ್ನು ಆಗ ನಾನು ಗಮನಿಸಲಿಲ್ಲ.

ಜೀಪು ಊರು ದಾಟಿತು. ಕಾಡಿನ ತಿರುವಿನಲ್ಲಿ ನಿಲ್ಲಿಸು ಎಂದೆ.

“ಏನು ಕೊಡ್ತೀನಿ ಅಂದ್ರು ನಿನಗೆ ಆ ಬಂಗಲೇಲಿ?” ಎಂದೆ. ಭಾವನಿಗೆ ನಾನು ಏಕವಚನ ಆಡಿದ್ದು ಅದೇ ಮೊದಲು.

ಅವರು ತಿರುಗಿ ನೋಡಿದರು. “ಕಾಫಿ ಕೊಟ್ರು” ಎಂದರು.

“ಮಾರ್ಕೊಂಡುಬುಟ್ಟೆಯಲ್ಲ. ಅಕ್ಕನ ಮುಖ ನೋಡಿ ಇಷ್ಟು ದಿನ ಜೊತೇಲಿಟ್ಕೊಂಡೆ. ಇಳಿ.”

ಜೀಪಿನಲ್ಲಿ ಕಾರ್ಯಕರ್ತರು ಕೂತಿದ್ದರು. ಭಾವ ಏನೋ ಹೇಳಲು ಬಾಯಿ ತೆರೆದರು, ಕಾರ್ಯಕರ್ತರ ಕಡೆ ಒಮ್ಮೆ ನೋಡಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿದರು. ನಾನು ಹಿಂದೆ ತಿರುಗಿ ನೋಡಲಿಲ್ಲ. ಮರುದಿನದ ಹೊತ್ತಿಗೆ ಆ ಮಾತು ಆಲೂರು ಸಂತೆಯಲ್ಲಿತ್ತು.

ಮತ ಎಣಿಕೆಯ ದಿನ ನಾನು ಹಿಂದಿದ್ದೆ. ನಾನು ಆಡಿ ಗೆದ್ದ ಊರುಗಳಲ್ಲಿ ಓಟು ಅಷ್ಟಕ್ಕಷ್ಟೇ ಬಂದಿತ್ತು. ಊಟದ ಹೊತ್ತಿಗೆ ನಮ್ಮವರು ಒಬ್ಬೊಬ್ಬರಾಗಿ ಹೊರಗೆ ಹೋಗತೊಡಗಿದರು. ಆಗ ಬಿಸಿಲೆ ದಾರಿಯ ಪೆಟ್ಟಿಗೆಗಳನ್ನು ಒಡೆದರು. ಸಾಹುಕಾರರ ಊರಿನಲ್ಲಿ ನನ್ನ ಗುರುತಿಗೆ ಮುದ್ರೆ ಬಿದ್ದ ಚೀಟಿಗಳು ಕಟ್ಟುಕಟ್ಟಾಗಿ ಮೇಜಿನ ಮೇಲೆ ಬೆಳೆಯುತ್ತಾ ಹೋದವು. ಸುತ್ತಲಿನ ಊರುಗಳಲ್ಲೂ ಹಾಗೇ. ಎಣಿಸುವವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಗೆ ನಾನು ಶಾಸಕ.

ಆ ಗೆಲುವನ್ನು ಹೇಗೆ ಹೇಳಲಿ. ಹಾಸನದಿಂದ ಸಕಲೇಶಪುರದವರೆಗೆ ರಸ್ತೆಯುದ್ದಕ್ಕೂ ಜನ. ಬಲೆಯನ್ನೇ ಬಾವುಟ ಮಾಡಿ ಗಳಕ್ಕೆ ಕಟ್ಟಿದ್ದರು. ನಮ್ಮಂಥ ಸಣ್ಣ ತೋಟದವನ ಮಗ ದೊಡ್ಡ ಬಂಗಲೆಯನ್ನು ಗೆದ್ದದ್ದು ಅದೇ ಮೊದಲು. ಹೂವಿನ ಭಾರಕ್ಕೆ ಕತ್ತು ನೋಯುತ್ತಿತ್ತು. ಸಾಹುಕಾರರ ಊರಿನ ಆ ಹುಡುಗರು ಲಾರಿ ಮಾಡಿಕೊಂಡು ಬಂದಿದ್ದರು. ಅವರ ಜೊತೆ ಬಂದ ಒಬ್ಬರು ಮುದುಕರು ವೇದಿಕೆಯ ಮೇಲೆ ನನ್ನ ಕೈ ಹಿಡಿದು ಹೇಳಿದರು: “ನಮ್ಮೂರಲ್ಲಿ ಎಲ್ರೂ ಬಂದು ಗೆದ್ದು ಹೋಗ್ತಾರೆ ಸ್ವಾಮಿ. ನಮ್ಮ ಹುಡುಗ್ರನ್ನ ಗೆಲ್ಸಿದೋರು ನೀವೊಬ್ರೆ. ಬೇಕಂತ್ಲೇ ಸೋತ್ರಿ ಅಂತ ನಮಗೆ ಗೊತ್ತಾಗಲ್ವ?”

ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಗೇಣು ಏರಿದ ಚೆಂಡು, ಕಾಫಿ ಲೋಟ, ಜೀಪಿನಲ್ಲಿ ನಾನು ನಕ್ಕು ಬಿಟ್ಟ ಮಾತು. ಮೈಕು ನನ್ನ ಕೈಯಲ್ಲಿತ್ತು. ಭಾವ ಜನರ ನಡುವೆ ದೂರದಲ್ಲಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಪಕ್ಕದಲ್ಲಿ ಅಕ್ಕ. ಅಷ್ಟಾದ ಮೇಲೂ ಇಬ್ಬರೂ ಬಂದಿದ್ದರು. ನಾನು ಮೈಕಿನಲ್ಲಿ, “ಹೌದು, ನಿಮ್ಮ ಮಕ್ಕಳ ಮುಂದೆ ಸೋಲೋದರಲ್ಲೇ ನನಗೆ ಖುಷಿ” ಎಂದೆ. ಆ ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಭಾವನೂ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಿದ್ದು ನನಗೆ ಕಾಣಲಿಲ್ಲ.

ನಾನು ಎರಡು ಸಲ ಗೆದ್ದೆ. ರಸ್ತೆ ಮಾಡಿಸಿದೆ, ಸೇತುವೆ ಮಾಡಿಸಿದೆ, ಶಾಲೆಗಳಿಗೆ ಮೈದಾನ ಮಾಡಿಸಿದೆ. ಅದರಲ್ಲಿ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಪ್ರತಿ ವೇದಿಕೆಯಲ್ಲೂ ಬೇಕೆಂದೇ ಸೋತ ಕಥೆ ಹೇಳಿದೆ. ಮಗ್ಗೆಯಲ್ಲಿ ಮಾತ್ರ ಇನ್ನೊಂದು ಕಥೆ ಉಳಿದಿತ್ತು. ಭಾಮೈದನಿಗೇ ಬೆನ್ನು ತೋರಿಸಿ ಬಂಗಲೆಯಲ್ಲಿ ಕಾಫಿ ಕುಡಿದವನು ಎಂಬ ಕಥೆ. ಎರಡೂ ಕಥೆಗಳು ಒಂದೇ ಆಟದವು ಎಂದು ಯಾರೂ ಕೂಡಿಸಿ ನೋಡಲಿಲ್ಲ. ಭಾವನನ್ನು ಆಟಕ್ಕೆ ಕರೆಯುವುದನ್ನು ಬಿಟ್ಟರು. ಮದುವೆ ಮನೆಗಳಲ್ಲಿ ಅಕ್ಕನಿಗೆ ಕೇಳುವ ಹಾಗೆ, “ಬಂಗಲೆ ಕಾಫಿ ರುಚಿ ನೋಡ್ದೋರಿಗೆ ನಮ್ಮ ಕಾಫಿ ಹಿಡಿಸ್ತದಾ ಅಕ್ಕಯ್ಯ?” ಎನ್ನುತ್ತಿದ್ದರಂತೆ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಅಣ್ಣ ತಮ್ಮಂದಿರೇ ಕೊಂಡೊಯ್ದು ಕೊಡುವುದು ನಮ್ಮಲ್ಲಿ ವಾಡಿಕೆ. ನಾನು ಡ್ರೈವರ್ ಕೈಯಲ್ಲಿ ಕಳಿಸಿದೆ. ಒಂದು ವರ್ಷವಲ್ಲ, ಅಧಿಕಾರ ಇದ್ದಷ್ಟು ವರ್ಷವೂ. ಅವಳು ಡ್ರೈವರ್‌ನನ್ನು ಕೂರಿಸಿ ಊಟ ಹಾಕಿ, ಮೊರದಲ್ಲಿ ತಾನೂ ಒಂದಿಷ್ಟು ತುಂಬಿಸಿ ಕಳಿಸುತ್ತಿದ್ದಳು.

ಮೂರನೆಯ ಸಲ ಸೋತ ಮೇಲೆ ನಾನು ಮಗ್ಗೆಗೆ ಹೋದೆ. ಭಾವ ಕೊಟ್ಟಿಗೆಯ ಮುಂದೆ ಕತ್ತಿ ಮಸೆಯುತ್ತಿದ್ದರು. ನಾನು ನಿಂತುಕೊಂಡೇ, “ಭಾವ, ಆವತ್ತು ನನ್ನಿಂದ ತಪ್ಪಾಯ್ತು” ಎಂದೆ.

“ಯಾವತ್ತು?” ಎಂದರು, ಗೊತ್ತಿದ್ದೂ.

“ಜೀಪಿಂದ ಇಳಿಸಿದ್ದು.”

“ಓ, ಅದಾ. ಕಾಡು ಹಾದಿ ಮಾರಾಯ, ಚಪ್ಪಲಿ ಕಿತ್ತೋಯ್ತು. ಕ್ಷಮೆ ಬ್ಯಾಡ, ಒಂದು ಜೊತೆ ಚಪ್ಪಲಿ ಕೊಡ್ಸು.” ಕತ್ತಿಯ ಅಂಚನ್ನು ಬೆರಳಿನಿಂದ ನೋಡಿಕೊಂಡರು. “ಮುಂಚೆ ಹೇಳಿದ್ರೆ ನೀನು ಒಪ್ತಿದ್ಯಾ? ನಿನಗೆ ಸೋಲೋಕೆ ಬರಲ್ಲ ಕಣೋ. ಅದಕ್ಕೂ ನಾನೇ ಎತ್ತಿ ಕೊಡ್ಬೇಕಾಗಿತ್ತು.”

ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಅವರು ನನ್ನ ತೋಳು ಹಿಡಿದು ಜಗಲಿಗೆ ಕರೆದುಕೊಂಡು ಹೋದರು. ಒಳಗೆ ಅಕ್ಕ ಒಲೆಯ ಮುಂದೆ ಇದ್ದಳು. ನಮ್ಮ ಮಾತು ಅವಳಿಗೆ ಕೇಳಿಸಿತ್ತೋ ಇಲ್ಲವೋ. “ಕೈ ತೊಳ್ಕಳಿ, ರೊಟ್ಟಿ ಆರ್ತೈತೆ” ಎಂದಳು ಅಷ್ಟೇ.

ಹೋದ ಬೇಸಿಗೆಯಲ್ಲಿ ಸಾಹುಕಾರರ ಊರಿನಲ್ಲಿ ವಾಲಿಬಾಲ್ ಅಂಗಣ ಉದ್ಘಾಟನೆ ಇತ್ತು. ಸಾಹುಕಾರರು ತೀರಿಕೊಂಡು ಬಹಳ ಕಾಲವಾಗಿದೆ. ಅವರ ಮನೆಯವರೇ ಜಾಗ ಬಿಟ್ಟುಕೊಟ್ಟಿದ್ದರು. ಅಂದು ನನ್ನ ಚೆಂಡನ್ನು ತಡೆದ ತೆಳ್ಳಗಿನ ಹುಡುಗ ಈಗ ಹೊಟ್ಟೆ ಬಂದ ಗೃಹಸ್ಥ, ಊರ ಸಂಘದ ಅಧ್ಯಕ್ಷ. ಬೇಕೆಂದೇ ಸೋತ ಕಥೆ ಹೇಳಿ ಎಂದು ಅವನೇ ಮೈಕು ಕೊಟ್ಟ. ನನ್ನ ಒತ್ತಾಯಕ್ಕೆ ಬಂದಿದ್ದ ಭಾವ ಮುಂದಿನ ಸಾಲಿನಲ್ಲಿ ಕೂತಿದ್ದರು.

“ಸೋತದ್ದು ನಾನು, ಸೋಲಿಸಿದ್ದು ಇವರು” ಎಂದೆ. “ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಗೆಲ್ಲಿಸಬೇಕು ಅಂತ ಇವರೇ ಚೆಂಡನ್ನ ತಗ್ಗಿಸಿ ಎತ್ತಿದ್ರು. ಇಷ್ಟು ವರ್ಷ ನಾನು ಸುಳ್ಳು ಹೇಳಿದೆ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅಧ್ಯಕ್ಷನೇ ಇಳಿದು ಬಂದು ಭಾವನ ಕಾಲು ಮುಟ್ಟಿದ. ನೆರೆದ ಜನರೆಲ್ಲ ಎದ್ದು ನಿಂತರು. ಎಳೆಯರು ಅವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಅಂಗಣಕ್ಕೆ ಕರೆದೊಯ್ದು ಮೊದಲ ಚೆಂಡು ಎತ್ತಲು ಕೊಟ್ಟರು. ಎಂಬತ್ತರ ಹತ್ತಿರದ ಆ ಬೆರಳುಗಳು ಚೆಂಡನ್ನು ಬಲೆಯ ಮೇಲೆ ಏರಿಸಿದವು, ಒಬ್ಬ ಹುಡುಗಿ ಹಾರಿ ಹೊಡೆದಳು. ನನ್ನ ಯಾವ ಗೆಲುವಿನಲ್ಲೂ ಅಂಥ ಕೇಕೆ ನಾನು ಕೇಳಿರಲಿಲ್ಲ. ಭಾವ ಪಂಚೆ ಸರಿಮಾಡಿಕೊಂಡು ನನ್ನ ಕಡೆ ನೋಡಿ, “ನೀನಿದ್ದಿದ್ರೆ ಲೇಟಾಗಿ ಹಾರ್ತಿದ್ದೆ” ಎಂದರು.

ಆ ದಿನ ಮೈಕಿನಲ್ಲಿ ನಾನು ಅರ್ಧ ಹೇಳಿದೆ. ‘ಮಾರಿಕೊಂಡ’ ಎಂಬ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ, ನಾಲ್ಕು ಜನ ಕೇಳುವಂತೆ ಜೀಪಿನಲ್ಲಿ, ಎಂಬ ಇನ್ನರ್ಧವನ್ನು ಇಲ್ಲಿ ಬರೆದಿದ್ದೇನೆ. ಭಾವನಿಗೆ ಅದು ಒಂದು ಆಟ, ಒಂದು ಜೊತೆ ಚಪ್ಪಲಿ. ಊರಿನವರ ನಾಲಿಗೆಯ ನಡುವೆ ನೀರಿಗೆ, ಸಂತೆಗೆ, ಮದುವೆ ಮುಂಜಿಗೆ ತಲೆ ಎತ್ತಿ ಓಡಾಡಬೇಕಾದವರು ಅವರಲ್ಲ. ಅಂಗಣದಲ್ಲಿ ಜನ ಎದ್ದು ನಿಂತಾಗ ಅದನ್ನು ನೋಡಲು ಅಲ್ಲಿ ಇರಬೇಕಾಗಿದ್ದವರು ಇನ್ನೊಬ್ಬರು. ಕರೆಯಬೇಕೆಂದು ನನಗೆ ತೋಚಲೇ ಇಲ್ಲ. ಭಾವನ ಕ್ಷಮೆ ಕೇಳಿದೆ, ಆ ಊರಿನ ಕ್ಷಮೆ ಕೇಳಿದೆ. ಇವತ್ತಿನವರೆಗೂ ನಾನು ತಪ್ಪಾಯಿತು ಎನ್ನದೆ ಉಳಿದಿರುವುದು ಒಬ್ಬಳಿಗೆ. ಅವಳು ನನ್ನ ಅಕ್ಕ.